ಪ್ಲಾಸ್ಟಿಕ್ ಹಿಮದ ಲೋಡು

ಖಲೀಫಾ ಸಿಟಿ, ಅಬುಧಾಬಿ
ನವೆಂಬರ್ 9, 2024

ಮಗಳು ಅಸೀಲಾಳಿಗೆ ಬಾಪನ ಸಲಾಂ.

ನಿನ್ನೆ ಫೋನಿನಲ್ಲಿ ಮತ್ತೆ ಜಗಳವಾಯಿತು. ಇನ್ನು ಮುಂದೆ ಗಾಡಿಯ ವಿಷಯ ನಮ್ಮಿಬ್ಬರ ನಡುವೆ ಫೋನಿನಲ್ಲಿ ಬೇಡ. ನೀನು ಉಳ್ಳಾಲದಲ್ಲಿ ಶಾಲೆಗೆ ಹೋಗುತ್ತಿದ್ದಾಗ ನಾನು ಇಲ್ಲಿಂದ ಕಾಗದ ಬರೆಯುತ್ತಿದ್ದೆ. ಮನೆಯಲ್ಲಿ ಬ್ಯಾರಿ ಮಾತಾಡಿದರೂ ಬರೆಯಲು ನಮಗೆ ಬರುವುದು ಶಾಲೆಯ ಕನ್ನಡವೇ. ಆಗ ನೀನು ಒಂದು ಮಾತಿಗೂ ಎದುರಾಡುತ್ತಿರಲಿಲ್ಲ. ಹಾಗಾಗಿ ಮತ್ತೆ ಕಾಗದಕ್ಕೇ ಬಂದಿದ್ದೇನೆ. ಮುಸಫ್ಫಾ ಯಾರ್ಡಿನಿಂದ ನಿಮ್ಮ ಜಬಲ್ ಅಲಿ ಯಾರ್ಡಿಗೆ ದಿನವೂ ನಮ್ಮದೇ ಗಾಡಿಗಳು ಬರುತ್ತವೆ. ಯಾರ ಕೈಯಲ್ಲಾದರೂ ಕೊಟ್ಟು ಕಳಿಸುತ್ತೇನೆ.

ನೀನು ಸ್ಕೂಲ್ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಬಿಟ್ಟು ಹೆವಿ ಲೈಸೆನ್ಸ್ ಮಾಡಿದಾಗ ಉಮ್ಮ ಅತ್ತಳು, ನಾನು ಅಳಲಿಲ್ಲ. ಕಂಪನಿಯಲ್ಲಿ ನಾನೇ ಮಾತಾಡಿ ನಿನಗೆ ಟ್ರೈಲರ್ ಕೊಡಿಸಿದೆ. ಆದರೆ ನೀನು ಬೇಸಿಗೆಯಲ್ಲಿ ಓಡಿಸಿದ್ದು ಓಡಿಸಿದ್ದಲ್ಲ. ಈ ದೇಶದಲ್ಲಿ ಗಾಡಿಯನ್ನು ಕೊಲ್ಲುವುದು ಬೇಸಿಗೆ, ಅದರ ಹೆಣ ಬೀಳುವುದು ಚಳಿಗಾಲದಲ್ಲಿ. ವೈಪರಿನ ರಬ್ಬರನ್ನು ಉಗುರಿನಿಂದ ಕೆರೆದು ನೋಡು. ಬಿಸಿಲಿಗೆ ಬೆಂದು ಹಪ್ಪಳವಾಗಿರುತ್ತದೆ. ಮೊದಲ ಮಳೆಗೆ ಗಾಜನ್ನು ಒರೆಸುವ ಬದಲು ಗೀಚುತ್ತದೆ. ಆ ಮೊದಲ ಮಳೆಯಲ್ಲಿ ರಸ್ತೆ ವರ್ಷವಿಡೀ ಕುಡಿದ ಆಯಿಲೆಲ್ಲ ಮೇಲೆ ಎದ್ದು ಬರುತ್ತದೆ. ಖಾಲಿ ಟ್ರೈಲರ್ ಇದ್ದರೆ ಬ್ರೇಕನ್ನು ಒಮ್ಮೆಗೇ ಒತ್ತಬೇಡ, ಹಿಂದಿನ ಭಾಗ ಬಂದು ನಿನ್ನ ಕಿಟಕಿಯಲ್ಲಿ ಇಣುಕುತ್ತದೆ.

ಟೈರಿನ ಗಾಳಿ ಬೆಳಿಗ್ಗೆ ತಂಪಿನಲ್ಲಿ ನೋಡು, ಓಡಿದ ಮೇಲೆ ಅಲ್ಲ. ಏರ್ ಟ್ಯಾಂಕಿನ ನೀರು ದಿನಾ ಬಿಡು. ಚಳಿಯಲ್ಲಿ ಅದರೊಳಗೆ ಬೆವರು ಕೂರುತ್ತದೆ, ಕೊನೆಗೆ ಅದು ಬ್ರೇಕಿಗೆ ಹೋಗುತ್ತದೆ. ಹೆಡ್‌ಲೈಟು, ಹಿಂದಿನ ಮಂಜಿನ ದೀಪ, ಪಕ್ಕದ ಹೊಳೆಯುವ ಪಟ್ಟಿ ಎಲ್ಲವನ್ನೂ ನೀನೇ ಒರೆಸು. ಹೆಲ್ಪರ್ ಒರೆಸುವ ಬಟ್ಟೆಯಿಂದ ಮುಖ ಒರೆಸಿಕೊಳ್ಳಲು ನಿನಗೆ ಮನಸ್ಸು ಬರುತ್ತದೆಯೇ? ಹಾಗಾದರೆ ದೀಪಕ್ಕೂ ಅದು ಬೇಡ. ನಾನು ಓಡಿಸುತ್ತಿದ್ದ ಕಾಲದಲ್ಲಿ ಪಾನ್ ಉಗಿದು ಸ್ಟೆಪ್ಪಿಗೆ ಕೆಂಪು ಬಳಿದ ಗಾಡಿಗೆ ಹತ್ತುತ್ತಲೇ ಇರಲಿಲ್ಲ. ಈಗ ಗಾಡಿ ಹೊರಡಿಸುವ ಡಿಸ್ಪ್ಯಾಚಿನ ಕುರ್ಚಿಯಲ್ಲಿ ಕೂತು ದಿನಾ ನೋಡುತ್ತೇನೆ: ಮಣ್ಣು ಮೆತ್ತಿದ ದೀಪ, ತಂಬಾಕಿನ ಚೀಲ ತುರುಕಿದ ಡ್ಯಾಶ್‌ಬೋರ್ಡು, ಅನ್ನ ಹಳಸಿದ ಕ್ಯಾಬಿನು. ಹೇಸಿಗೆಯಾಗುತ್ತದೆ. ಗಲೀಜು ಮನುಷ್ಯ ಮಂಜಿನಲ್ಲಿ ಮೊದಲು ಸಾಯುತ್ತಾನೆ. ಬೇರೆಯವರನ್ನೂ ಎಳೆದುಕೊಂಡು ಸಾಯುತ್ತಾನೆ.

ಮಂಜು ಬಂದರೆ ಇಷ್ಟೇ: ಫುಲ್ ಲೈಟ್ ಬೇಡ, ಅದು ಬಿಳಿ ಗೋಡೆಯಾಗುತ್ತದೆ. ರೇಡಿಯೋ ಬಂದ್ ಮಾಡು, ಕಿಟಕಿ ಇಳಿಸಿ ಕಿವಿ ಕೊಡು. ರಸ್ತೆ ಬದಿಯ ಶೋಲ್ಡರಿನಲ್ಲಿ ನಿಲ್ಲಿಸಬೇಡ. ಹೊರಗೆ ಬರುವ ದಾರಿ ಕಂಡಲ್ಲಿ ಬಂದು ಪಾರ್ಕಿಂಗಿನಲ್ಲಿ ನಿಲ್ಲು. ಯಾರು ಏನು ಹೇಳಿದರೂ ಮಂಜು ಹೋಗುವವರೆಗೆ ಹೊರಡಬೇಡ.

ಉಮ್ಮ ಒಣಮೀನಿನ ಚಟ್ನಿ ಕಳಿಸಿದ್ದಾಳೆ. ಕ್ಯಾಬಿನಿನಲ್ಲಿ ತೆರೆಯಬೇಡ.

ನಿನ್ನ ಬಾಪ,
ಅಬ್ದುಲ್ ರವೂಫ್


ಇಂಟರ್‌ನ್ಯಾಷನಲ್ ಸಿಟಿ, ದುಬೈ
ನವೆಂಬರ್ 24, 2024

ಬಾಪ,

ಚಟ್ನಿಯನ್ನು ರೂಮಿನಲ್ಲೇ ತೆರೆದೆ. ಜೊತೆಗಿರುವ ಪರ್ಲ್ ಮೂಗು ಮುಚ್ಚಿಕೊಂಡು ಹೊರಗೆ ಹೋದಳು, ವಾಪಸು ಬಂದು ಅರ್ಧ ಬಾಟಲಿ ತಿಂದಳು. ಅವಳೂ ಮಂಗಳೂರಿನವಳಲ್ಲವೇ, ಎಷ್ಟು ಹೊತ್ತು ತಡೆದುಕೊಂಡಾಳು.

ನೀವು ಹೇಳಿದ್ದೆಲ್ಲ ಮಾಡಿದೆ. ಈಗ ಕೇಳಿ. ವೈಪರ್ ಉಗುರಿಗೆ ಪುಡಿಯಾಗಿ ಬಂತು. ಏರ್ ಟ್ಯಾಂಕಿನ ವಾಲ್ವ್ ಎಳೆದರೆ ಕಾಫಿಯ ಹಾಗೆ ಕಂದು ನೀರು, ಆಯಿಲಿನ ನೊರೆ ಸಮೇತ ನನ್ನ ಬೂಟಿನ ಮೇಲೆ ಬಿತ್ತು. ಎಷ್ಟು ತಿಂಗಳಿಂದ ಯಾರೂ ಬಿಟ್ಟಿರಲಿಲ್ಲವೋ. ಹಿಂದಿನ ಮಂಜಿನ ದೀಪ ಒಡೆದಿದೆ, ಅದಕ್ಕೆ ಕೆಂಪು ಟೇಪು ಸುತ್ತಿದ್ದಾರೆ. ಒಳಗೆ ಬಲ್ಬೇ ಇಲ್ಲ. ಟೈರಿನ ಪಕ್ಕದಲ್ಲಿ ಬಿರುಕು, ಅದರ ಮೇಲೆ ಕಪ್ಪು ಪಾಲಿಶು! ಸತ್ತ ಹೆಂಗಸಿನ ಕಣ್ಣಿಗೆ ಸುರುಮ ಹಾಕಿದ ಹಾಗೆ ಕಂಡಿತು. ಮುಟ್ಟಿದ ಕೈಯನ್ನು ಎಷ್ಟು ತೊಳೆದರೂ ಸಾಕಾಗಲಿಲ್ಲ.

ನಮ್ಮ ಯಾರ್ಡಿನ ಸೂಪರ್‌ವೈಸರ್ ಲೆಸ್ಲಿ ಸರ್ ಹತ್ತಿರ ಹೋದೆ. ಅವರು ಒಳ್ಳೆಯವರೇ, ಆದರೆ ಕುರ್ಚಿಯಿಂದ ಏಳುವುದಿಲ್ಲ. "ನಾನು ಎಂತ ಮಾಡ್ಲಿ ಅಸೀಲಾ? ಸ್ಪೇರ್ ಬರ್ಬೇಕಾದ್ದು ಮುಸಫ್ಫಾದಿಂದ. ನಿನ್ನ ಡ್ಯಾಡಿಗೇ ಹೇಳು" ಎಂದರು.

ಅಷ್ಟರಲ್ಲಿ ಫೋಟೋದವರು ಬಂದರು. ಚಳಿಗಾಲದ ಸುರಕ್ಷತಾ ಸಪ್ತಾಹವಂತೆ. ನನಗೆ ಹೊಸ ಹೆಲ್ಮೆಟ್, ಇಸ್ತ್ರಿ ಮಾಡಿದ ಹಳದಿ ಜಾಕೆಟ್. ನಿಲ್ಲಿಸಿದ್ದು ನನ್ನ ಗಾಡಿಯ ಮುಂದೆ ಅಲ್ಲ, ಶೋರೂಮಿನಿಂದ ಆ ದಿನಕ್ಕೆಂದೇ ತಂದ ಗಾಡಿಯ ಮುಂದೆ. "ಟೈರ್ ಚೆಕ್ ಮಾಡುವ ಹಾಗೆ ಕೂತ್ಕೊಳ್ಳಿ ಮೇಡಂ, ಸ್ವಲ್ಪ ಸ್ಮೈಲ್" ಎಂದರು. ಕೂತೆ, ನಕ್ಕೆ. ಆ ನಗು ಈಗಲೂ ಬಾಯಿಯೊಳಗೆ ಗ್ರೀಸಿನ ಹಾಗೆ ಅಂಟಿಕೊಂಡಿದೆ. ಹುಡುಗರು ನನ್ನನ್ನು ಈಗ ಫೋಟೋ ಡ್ರೈವರ್ ಎನ್ನುತ್ತಾರೆ. ಅನ್ಸಿಫ್ ಮಾತ್ರ ಹೇಳುವುದಿಲ್ಲ. ಉಪ್ಪಳದವನು, ನಿಮಗೆ ಗೊತ್ತಲ್ಲ, ಹೋದ ವರ್ಷ ಮದುವೆಯಾದವನು. ತನ್ನ ಗಾಡಿಯ ಬಲ್ಬು ಬಿಚ್ಚಿ ನನ್ನದಕ್ಕೆ ಹಾಕಲು ಬಂದ. "ನಿನ್ನದಕ್ಕೆ?" ಎಂದೆ. "ನಾನು ಮುಂದೆ ಹೋಗ್ತೇನೆ, ನೀನು ಹಿಂದೆ ಬಾ. ಎರಡು ಗಾಡಿಗೆ ಒಂದು ದೀಪ ಸಾಕು" ಎಂದು ನಕ್ಕ. ನಾನು ಬೈದು ವಾಪಸು ಕಳಿಸಿದೆ.

ಹೆಂಗಸರ ಟಾಯ್ಲೆಟ್ ಈಗಲೂ ಇಲ್ಲ. ಗಂಡಸರದ್ದನ್ನು ನಾನು ವಿವರಿಸುವುದಿಲ್ಲ, ನೀವು ಊಟ ಮಾಡುವ ಹೊತ್ತಿಗೆ ಓದುತ್ತಿರಬಹುದು.

ಸ್ಪೇರ್ ಕಳಿಸಿ. ಎಲ್ಲರ ಗಾಡಿಗೂ. ಅಪ್ಪನ ಮಗಳೆಂದು ನನ್ನೊಬ್ಬಳಿಗೆ ಬೇಡ.

ಅಸೀಲಾ


ಖಲೀಫಾ ಸಿಟಿ
ಡಿಸೆಂಬರ್ 1, 2024

ಮಗಳಿಗೆ,

ನಿನ್ನ ಗಾಡಿಗೆ ಎರಡು ಟೈರು, ವೈಪರ್, ದೀಪ ಈ ಕಾಗದದ ಜೊತೆಯಲ್ಲೇ ಬರುತ್ತಿವೆ. ಉಳಿದವರದ್ದು ಹಂತ ಹಂತವಾಗಿ ಆಗುತ್ತದೆ. ಸ್ಟೋರಿನ ಅರಬಿ ‘ಮಾಫಿ’, ಇಲ್ಲ ಎಂದರೆ ಇಲ್ಲ, ಇಲ್ಲದ್ದನ್ನು ನಾನು ಹೊಟ್ಟೆಯಿಂದ ತೆಗೆದು ಕೊಡಲೇ?

ನೀನು ಬರೆದದ್ದೆಲ್ಲ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಗೊತ್ತಿದ್ದೂ ದಿನಾ ಇಪ್ಪತ್ತು ಗಾಡಿ ಹೊರಗೆ ಕಳಿಸುವುದು ಎಂಥ ಕೆಲಸ ಎಂದು ನಿನಗೆ ಗೊತ್ತಿಲ್ಲ. ಮೇಲಿನವರು ಗಾಜಿನ ರೂಮಿನಲ್ಲಿ ಕೂತು ಸ್ಕ್ರೀನಿನಲ್ಲಿ ಚುಕ್ಕೆ ನೋಡುತ್ತಾರೆ. ಚುಕ್ಕೆ ನಿಂತರೆ ನನ್ನ ಫೋನು ಬಡಿದುಕೊಳ್ಳುತ್ತದೆ. "ರವೂಫ್, ವೈ ಸ್ಟಾಪ್ಡ್? ಯಲ್ಲಾ." ನಿನ್ನೆ ಬಂದ ಹುಡುಗ ಹೀಗೆ ನಡಿ ನಡಿ ಎನ್ನುತ್ತಾನೆ. ಅವನ ಸೆಂಟಿನ ವಾಸನೆ ಫೋನಿನಲ್ಲೂ ಬರುತ್ತದೆ.

ಫೋಟೋ ಚೆನ್ನಾಗಿ ಬಂದಿದೆ. ನಮ್ಮ ಆಫೀಸಿನ ಗೋಡೆಗೂ ಹಚ್ಚಿದ್ದಾರೆ. ಉಮ್ಮನಿಗೆ ತೋರಿಸಲು ಒಂದು ಕೇಳಿ ತಂದೆ.

ಹೆಚ್ಚು ಗಲಾಟೆ ಮಾಡಬೇಡ. ನಿನ್ನ ತಮ್ಮ ಅರ್ಶದ್ ಅಲ್ ಐನಿನ ಕಾಲೇಜಿಗೆ ಸೇರಿ ವರ್ಷವಾಗಿಲ್ಲ. ನಮ್ಮೆಲ್ಲರ ವೀಸಾ ಇರುವುದು ಇದೇ ಕಂಪನಿಯ ಮೇಲೆ.

ಬಾಪ


ಇಂಟರ್‌ನ್ಯಾಷನಲ್ ಸಿಟಿ
ಡಿಸೆಂಬರ್ 12, 2024

ಬಾಪ,

ಈ ವಾರ ಮೊದಲ ಮಂಜು ಕಂಡೆ. ನಮ್ಮೂರಿನ ಬೆಳಗಿನ ಇಬ್ಬನಿ ಮಂಜಿನ ಹಾಗಿರಬಹುದು ಎಂದುಕೊಂಡಿದ್ದೆ. ಇದು ಬೇರೆಯೇ. ಫಾಯಾದ ಟ್ರಕ್ ರೋಡಿನಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಮರಳಿನಿಂದಲೇ ಎದ್ದು ಬಂತು. ಮೊದಲು ಎದುರಿನ ಬೋರ್ಡು ಹೋಯಿತು, ಆಮೇಲೆ ಮುಂದಿನ ಗಾಡಿಯ ದೀಪ, ಆಮೇಲೆ ನನ್ನದೇ ಬಾನೆಟ್ಟಿನ ತುದಿ. ವೇಗದ ಬೋರ್ಡು ಎಂಬತ್ತಕ್ಕೆ ಇಳಿಯಿತು, ಟ್ರಕ್ಕುಗಳು ನಿಲ್ಲಬೇಕೆಂದು ಎಲ್ಲರ ಫೋನಿಗೂ ಪೊಲೀಸರ ಸಂದೇಶ ಬಂತು. ಕಿಟಕಿ ಇಳಿಸಿದೆ, ರೇಡಿಯೋ ಬಂದ್ ಮಾಡಿದೆ, ಬಿಳಿ ಗೆರೆಯನ್ನು ಬಲಗಣ್ಣಿನ ಮೂಲೆಯಲ್ಲಿ ಹಿಡಿದುಕೊಂಡು ನಡೆಯುವ ವೇಗದಲ್ಲಿ ಪಾರ್ಕಿಂಗಿಗೆ ಬಂದೆ. ಬರುವಾಗ ನಿಮ್ಮ ಧ್ವನಿಯೇ ಪಕ್ಕದ ಸೀಟಿನಲ್ಲಿ ಕೂತು ಹೇಳಿದಂತಿತ್ತು.

ಪಕ್ಕದ ಹೈವೇಯಲ್ಲಿ ಕಾರುಗಳು ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಬಾಣದ ಹಾಗೆ ಹೋಗುವ ಸದ್ದು ಕೇಳುತ್ತಿತ್ತು. ಒಬ್ಬ ಕಾರು ನಿಲ್ಲಿಸಿ ಮಂಜಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದ. ಅಸಹ್ಯವಾಯಿತು. ಇವರಿಗೆ ಸಾವು ಕೂಡ ಸ್ಟೇಟಸ್ಸಿಗೆ ಹಾಕುವ ವಸ್ತು.

ಒಂದು ವಿಷಯಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು. ನಾನು ನಿಂತ ಅಷ್ಟು ಹೊತ್ತು ಕಂಪನಿಯಿಂದ ಒಂದು ಫೋನೂ ಬರಲಿಲ್ಲ. ನಾನು ಬರೆದದ್ದು, ನೀವು ಅಲ್ಲಿ ಹೇಳಿದ್ದು ಸ್ವಲ್ಪ ನಾಟಿದೆ ಎಂದುಕೊಂಡೆ. ಅನ್ಸಿಫ್ ನನಗಿಂತ ಮೊದಲೇ ಬಂದು ನಿಂತಿದ್ದ. ಅವನ ಫೋನು ರಿಂಗಾಯಿತು, ಕ್ಯಾಬಿನಿನಿಂದ ಇಳಿದು ದೂರ ಹೋಗಿ ಮಾತಾಡಿದ. ಬಂದು, "ಮಂಜು ಸ್ವಲ್ಪ ಕಡಿಮೆಯಾಯ್ತಲ್ಲ ಅಸೀಲಾ, ನಾನು ಹೊರಟೆ" ಎಂದ. ಎಲ್ಲಿ ಕಡಿಮೆಯಾಗಿತ್ತು? ಅವನ ಮುಖವೇ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಊರಿನಿಂದ ಹೆಂಡತಿಯ ಫೋನಿರಬೇಕು, ಬೇಗ ರೂಮಿಗೆ ಹೋಗಿ ಮಾತಾಡಬೇಕೆಂದು ಹೊರಟ ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ.

ದೇವರ ದಯೆ, ಆ ದಿನ ಏನೂ ಆಗಲಿಲ್ಲ.

ಹೊಸ ಟೈರಿಗೆ ಸಂತೋಷ. ಅವನ ಗಾಡಿಗೆ ಇನ್ನೂ ಬಂದಿಲ್ಲ.

ಅಸೀಲಾ


ಇಂಟರ್‌ನ್ಯಾಷನಲ್ ಸಿಟಿ
ಡಿಸೆಂಬರ್ 26, 2024

ಬಾಪ,

ನೀವು ಫೋನ್ ಮಾಡುತ್ತಿದ್ದೀರಿ, ನಾನು ತೆಗೆಯುತ್ತಿಲ್ಲ. ನಿಮ್ಮ ಧ್ವನಿ ಕೇಳಿದರೆ ವಾಂತಿಯಾಗುತ್ತದೆ. ಇದು ಮಾತಿಗೆ ಹೇಳುತ್ತಿರುವುದಲ್ಲ. ಸೋಮವಾರದಿಂದ ನಿಜವಾಗಿ ಆಗುತ್ತಿದೆ. ಪರ್ಲ್ ಗಂಜಿ ಮಾಡಿ ಕೊಡುತ್ತಿದ್ದಾಳೆ, ಅದೂ ನಿಲ್ಲುವುದಿಲ್ಲ.

ಏನಾಯಿತೆಂದು ನಿಮಗೆ ಗೊತ್ತು. ಆದರೂ ನಾನು ಕಂಡದ್ದನ್ನು ಬರೆಯುತ್ತೇನೆ. ನೀವು ಕುರ್ಚಿಯಲ್ಲಿದ್ದಿರಿ, ನಾನು ಅಲ್ಲಿದ್ದೆ.

ಅನ್ಸಿಫ್, ನಾನು ಇಬ್ಬರೂ ಅಬುಧಾಬಿಯ ಆ ಹೊಟೇಲಿನ ಪಾರ್ಟಿಯ ಲೋಡು ಹೊತ್ತಿದ್ದೆವು. ನನ್ನ ಗಾಡಿಯಲ್ಲಿ ಪ್ಲಾಸ್ಟಿಕ್ ಕ್ರಿಸ್ಮಸ್ ಮರ. ಅವನದ್ದರಲ್ಲಿ ಪ್ಲಾಸ್ಟಿಕ್ ಹಿಮ. ಚೀಲ ಚೀಲ ಬಿಳಿ ಪುಡಿ, ಜೊತೆಗೆ ನೊರೆ ಊದುವ ಮೆಷಿನು. ಈ ಮರಳಿನಲ್ಲಿ ಮಕ್ಕಳು ಹಿಮದಲ್ಲಿ ಆಡಬೇಕಂತೆ. ಫಾಯಾ ರೋಡಿನಲ್ಲಿ ಮೊದಲ ಸಲಕ್ಕಿಂತ ದಟ್ಟ ಮಂಜು. ಇಬ್ಬರೂ ಅದೇ ಪಾರ್ಕಿಂಗಿನಲ್ಲಿ ನಿಲ್ಲಿಸಿದೆವು. ಅವನು ನನ್ನ ಕ್ಯಾಬಿನಿಗೆ ಬಂದು ಕೂತ, ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ಹೆಂಡತಿ ಖೈರುನ್ನಿಸ ಬಸುರಿಯೆಂದು ಹೇಳಿದ. ಅಷ್ಟರಲ್ಲಿ ಫೋನು ಬಂತು. ಅವನ ಕೈಯಲ್ಲಿ ಚಹಾ ಇತ್ತು. ಫೋನನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಸ್ಪೀಕರ್ ಒತ್ತಿದ.

"ಅನ್ಸಿಫ್, ಎಲ್ಲಿ ನಿಂತಿದ್ದಿ ಮಾರಾಯ?"

"ಪಾರ್ಕಿಂಗಲ್ಲಿ, ರವೂಫಾಕ. ಎಂತದೂ ಕಾಣುದಿಲ್ಲ."

"ಎಲ್ಲ ಕಾಣ್ತದೆ. ಮೆಲ್ಲ ಬಾ. ಹೊಟೇಲಿನವರು ನನ್ನ ತಲೆ ತಿಂತಿದ್ದಾರೆ. ನಿನ್ನ ಹಿಮ ಇಲ್ಲದೆ ಅವರದ್ದು ಸುರು ಆಗುದಿಲ್ಲ. ಯಲ್ಲಾ, ಹೊರಡು. ಹೋದ ಸಲ ಬಂದಿದ್ದಿ ಅಲ್ವಾ? ಏನಾಯ್ತು ನಿನಗೆ?"

ಬಾಪ, ಅದು ನಿಮ್ಮ ಧ್ವನಿ. ನನಗೆ ಕ್ಲಚ್ಚು, ಗೇರು ಹೇಳಿಕೊಟ್ಟ ಧ್ವನಿ. ನಾನು ಬಾಯಿ ತೆರೆಯುವ ಮೊದಲೇ ಅವನು ಫೋನು ಕಟ್ ಮಾಡಿದ. ನಾನು ಅವನ ಅಂಗಿ ಹಿಡಿದೆ. "ಹೋಗ್ಬೇಡ" ಎಂದೆ. "ನಿನಗೆ ಬಾಪ ಇದ್ದಾರೆ ಮಾರಾಯ್ತಿ, ನನಗೆ ಯಾರಿದ್ದಾರೆ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡ. ಸಿಟ್ಟಿನಿಂದ ಹೇಳಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತಿದೆ.

ಅವನು ಹೊರಟ ಮೇಲೆ ನಾನು ನಿಮಗೆ ಫೋನ್ ಮಾಡಿದೆ. ಬ್ಯುಸಿ ಬಂತು. ಮತ್ತೆ ಮಾಡುವಷ್ಟರಲ್ಲಿ ಸದ್ದು ಕೇಳಿತು. ಕಿಟಕಿ ಇಳಿಸಿಯೇ ಇತ್ತು, ನೀವು ಹೇಳಿದ್ದಿರಲ್ಲ.

ಓಡಿದೆ. ರಸ್ತೆಗೆ ಸೇರುವಲ್ಲೇ ನಿಂತಿದ್ದ ಟ್ಯಾಂಕರಿನ ಹಿಂಭಾಗಕ್ಕೆ ಗುದ್ದಿದ್ದ. ಹಳೆಯ ಟೈರುಗಳು ತೇವದ ಮೇಲೆ ಎಳೆದ ಗುರುತು ಒದ್ದೆ ಬಟ್ಟೆಯಿಂದ ಒರೆಸಿದ ಹಾಗಿತ್ತು. ಕ್ಯಾಬಿನು ಒಳಗೆ ಮಡಚಿಕೊಂಡಿತ್ತು. ಹಿಂದಿನ ಬಾಗಿಲು ಒಡೆದು ಚೀಲಗಳು ಹರಿದು ಪ್ಲಾಸ್ಟಿಕ್ ಹಿಮ ಎಲ್ಲ ಕಡೆ ಹಾರುತ್ತಿತ್ತು. ಅವನ ರಕ್ತಕ್ಕೆ ಅಂಟುತ್ತಿತ್ತು. ನನ್ನ ಬಾಯಿಗೆ ಬಂತು. ಅವನ ತಲೆ ಹಿಡಿದುಕೊಂಡು ಆಂಬುಲೆನ್ಸ್ ಬರುವವರೆಗೆ ಅವನ ಕಣ್ಣಿನ ರೆಪ್ಪೆಯಿಂದ ಆ ಪುಡಿ ಒರೆಸುತ್ತಿದ್ದೆ. ಎಷ್ಟು ಒರೆಸಿದರೂ ಬೀಳುತ್ತಲೇ ಇತ್ತು.

ಬಲಗಾಲು ಮೊಣಕಾಲಿನ ಕೆಳಗೆ ತೆಗೆದರು. ಜೀವ ಉಳಿಯುತ್ತದೆ ಎಂದಿದ್ದಾರೆ.

ಈಗ ನನಗೆ ಒಂದೇ ಪ್ರಶ್ನೆ. ನಿಮ್ಮ ಸ್ಕ್ರೀನಿನಲ್ಲಿ ಆ ಪಾರ್ಕಿಂಗಿನಲ್ಲಿ ಎರಡು ಚುಕ್ಕೆ ಅಕ್ಕಪಕ್ಕದಲ್ಲಿದ್ದವು. ಒಂದೇ ಹೊಟೇಲು, ಒಂದೇ ಪಾರ್ಟಿ. ನನಗೇಕೆ ಫೋನ್ ಬರಲಿಲ್ಲ?

ಅಸೀಲಾ


ಖಲೀಫಾ ಸಿಟಿ
ಜನವರಿ 14, 2025

ಅಸೀಲಾ,

ಇಷ್ಟು ದಿನ ಬರೆಯಲು ಕೂತು ಎದ್ದೆ. ನೀನು ತಾಯಿಯ ಫೋನನ್ನೂ ಬೇಗ ಇಡುತ್ತಿ ಎಂದು ಅವಳು ಹೇಳಿದಳು.

ನೀನು ಬರೆದದ್ದು ಒಂದು ಬದಿಯಿಂದ. ನಾನು "ಮೆಲ್ಲ ಬಾ" ಎಂದೆ. ಮೆಲ್ಲ ಎಂದರೆ ಮೆಲ್ಲ. ಟ್ಯಾಂಕರಿನವನು ಅಲ್ಲಿ ನಿಲ್ಲಿಸಬಾರದಿತ್ತು, ದೀಪವನ್ನೂ ಹಾಕಿರಲಿಲ್ಲ. ಅನ್ಸಿಫ್ ಚಿಕ್ಕವನಲ್ಲ, ಲೈಸೆನ್ಸ್ ಇದ್ದವನು. ಆಗುವುದಿಲ್ಲ ಎಂದಿದ್ದರೆ ನಾನು ಅವನ ಕುತ್ತಿಗೆ ಹಿಡಿದು ಎಳೆಯುತ್ತಿದ್ದೆನೇ? ನನ್ನ ಕಾಲದಲ್ಲಿ ನಾವು ಎಂಥೆಂಥ ಮಂಜಿನಲ್ಲಿ ಬಂದಿದ್ದೇವೆ.

ಹೊಟೇಲಿನವರು ಬೇರೆ ಕಡೆಯಿಂದ ಹಿಮ ತರಿಸಿ ಪಾರ್ಟಿ ಮಾಡಿದರು. ಗಾಜಿನ ರೂಮಿನ ಹುಡುಗ ನನಗೆ ಅದರ ಫೋಟೋ ಕಳಿಸಿದ, "ಆಲ್ ಗುಡ್" ಎಂದು. ಮಕ್ಕಳು ಉರುಳಾಡುತ್ತಿದ್ದರು. ನಾನು ಫೋನನ್ನು ತಲೆಕೆಳಗು ಮಾಡಿ ಇಟ್ಟೆ. ನಿನಗೊಬ್ಬಳಿಗೇ ಹೇಸಿಗೆಯಾಗುವುದು ಎಂದು ತಿಳಿಯಬೇಡ.

ಈಗ ಮುಖ್ಯ ವಿಷಯ. ಪೊಲೀಸರು ನಿನ್ನನ್ನು ಮತ್ತೆ ಕರೆಯುತ್ತಾರೆ. ಕಂಪನಿ ಹೇಳುವುದು ಇಷ್ಟು: ಮಂಜಿನಲ್ಲಿ ನಿಲ್ಲಬೇಕೆಂದು ಎಲ್ಲ ಡ್ರೈವರುಗಳಿಗೂ ಹೇಳಿತ್ತು, ಅನ್ಸಿಫ್ ತಾನಾಗಿಯೇ ಹೊರಟ. ಫೋನು ಬಂದದ್ದು ನಿಜ, ಎಲ್ಲಿದ್ದಾನೆಂದು ಕೇಳಲು ಮಾತ್ರ. ಅವನು ಸ್ಪೀಕರಿನಲ್ಲಿ ಹಾಕಿದ್ದು ನಿನಗೆ ಮಾತ್ರ ಗೊತ್ತು. ನೀನು ಸುಳ್ಳು ಹೇಳಬೇಕೆಂದಿಲ್ಲ. ಸರಿಯಾಗಿ ಕೇಳಿಸಲಿಲ್ಲ, ಇಂಜಿನ್ ಸದ್ದಿತ್ತು ಎಂದರೆ ಸಾಕು. ಆಸ್ಪತ್ರೆಯ ವ್ಯವಸ್ಥೆ ಕಂಪನಿ ನೋಡಿಕೊಳ್ಳುತ್ತದೆ, ಆಮೇಲೆ ಅವನನ್ನು ಊರಿಗೆ ಕಳಿಸುತ್ತಾರೆ. ಅವನೂ ಬಾಯಿ ತೆರೆದಿಲ್ಲ. ಅವನೇ ಸುಮ್ಮನಿರುವಾಗ ನಿನಗೇನು?

ಅರ್ಶದನನ್ನು ನೆನೆ. ಉಮ್ಮನ ಔಷಧ ನೆನೆ. ನನಗೆ ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ?

ನಿನ್ನ ಪ್ರಶ್ನೆಗೆ ಉತ್ತರ: ಯಾವ ತಂದೆಯಾದರೂ ಅದನ್ನೇ ಮಾಡುತ್ತಾನೆ.

ನಿನ್ನ ಬಾಪ


ಇಂಟರ್‌ನ್ಯಾಷನಲ್ ಸಿಟಿ
ಜನವರಿ 22, 2025

ಬಾಪ,

ಇದನ್ನು ಕಂಪನಿಯ ಗಾಡಿಯಲ್ಲಿ ಕಳಿಸುತ್ತಿಲ್ಲ. ಪರ್ಲ್ ಅಬುಧಾಬಿಗೆ ಬರುವವಳಿದ್ದಳು, ಅವಳ ಕೈಯಲ್ಲಿ ಕೊಟ್ಟಿದ್ದೇನೆ. ಕಂಪನಿಗೆ ನಾನು ರಾಜೀನಾಮೆ ಕೊಟ್ಟಾಯಿತು.

ಪೊಲೀಸರಿಗೆ ಎಲ್ಲವನ್ನೂ ಹೇಳಿದೆ. ಟೇಪು ಸುತ್ತಿದ ದೀಪ, ಪಾಲಿಶ್ ಬಳಿದ ಟೈರು, ಆ ಫೋನು, ಅದರ ಒಂದೊಂದು ಮಾತು. ಅಧಿಕಾರಿ ಮರ್ಯಾದಸ್ಥ. ಮಾತು ಬರೆಸಿಕೊಳ್ಳುವಾಗ "ಆ ಧ್ವನಿ ಯಾರದ್ದೆಂದು ಹೇಗೆ ಖಚಿತ?" ಎಂದು ಕೇಳಿದ. ಹುಟ್ಟಿದಂದಿನಿಂದ ಕೇಳಿದ್ದೇನೆ ಎಂದೆ. ಅವನು ಪೆನ್ನು ಕೆಳಗಿಟ್ಟು, ನೀರು ಬೇಕೇ ಎಂದ. ಈಗ ನೀವು ಅಲ್ಲವೆನ್ನುತ್ತಿದ್ದೀರಿ, ನಾನು ಹೌದೆನ್ನುತ್ತಿದ್ದೇನೆ. ಇಂಜಿನಿನ ಸದ್ದು ಜೋರಾಗಿತ್ತು ಎಂದು ಕಂಪನಿಯ ವಕೀಲ ವಾದಿಸುತ್ತಾನಂತೆ.

ಯಾವ ತಂದೆಯಾದರೂ ಅದನ್ನೇ ಮಾಡುತ್ತಾನೆ ಎಂದು ಬರೆದಿದ್ದೀರಿ. ಹೊಸ ಟೈರು ನನಗೆ, ಬಿರುಕಿನ ಟೈರು ಅವನಿಗೆ. ಹೊಸ ದೀಪ ನನಗೆ, ‘ಹಂತ ಹಂತವಾಗಿ’ ಎಂಬ ಮಾತು ಅವನಿಗೆ. ನಿಲ್ಲುವ ಹಕ್ಕು ನನಗೆ, ಹೊರಡುವ ಹುಕುಂ ಅವನಿಗೆ. ಡಿಸೆಂಬರಿನಲ್ಲಿ ನಾನು ನಿಮಗೆ ಥ್ಯಾಂಕ್ಸ್ ಎಂದು ಬರೆದೆನಲ್ಲ, ಆ ಮಾತು ನೆನಪಾದಾಗಲೆಲ್ಲ ನನ್ನ ನಾಲಿಗೆಯನ್ನೇ ಕೆರೆದು ತೆಗೆಯಬೇಕು ಅನ್ನಿಸುತ್ತದೆ. ನನ್ನನ್ನು ಬದುಕಿಸಿದ್ದೀರಿ, ನಿಜ. ಆದರೆ ಬೇರೆಯವರ ಎಂಜಲನ್ನು ನನಗೆ ಗೊತ್ತಿಲ್ಲದೆ ತಿನ್ನಿಸಿದ ಹಾಗೆ ಬದುಕಿಸಿದ್ದೀರಿ.

ಗಲೀಜು ನಿಮಗೆ ಆಗುವುದಿಲ್ಲವಲ್ಲ. ಪಾನಿನ ಕಲೆ, ಹಳಸಿದ ಅನ್ನ ಕಂಡರೆ ಮುಖ ತಿರುಗಿಸುತ್ತೀರಿ. "ಅವನೇ ಸುಮ್ಮನಿರುವಾಗ ನಿನಗೇನು" ಎಂದು ಬರೆಯುವಾಗ ಮೂಗಿಗೆ ಏನೂ ಬಡಿಯಲಿಲ್ಲವೇ?

ಅವನು ಏಕೆ ಸುಮ್ಮನಿದ್ದಾನೆ ಎಂದು ನಾನು ಕೇಳಿದೆ. "ನಾನು ಹೇಳಿದ್ರೆ ನಿನ್ನ ಬಾಪನಿಗೆ ಅಲ್ವಾ ಆಗುದು" ಎಂದ.

ಅಸೀಲಾ


ಖಲೀಫಾ ಸಿಟಿ
ಫೆಬ್ರವರಿ 10, 2025

ಪ್ರೀತಿಯ ಅಸೀಲಾ,

ಉಮ್ಮ ಬರೆಯುತ್ತಿದ್ದೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಏಳನೇ ಕ್ಲಾಸಿನ ನಂತರ ಬರೆದಿಲ್ಲ. ತಪ್ಪಿದ್ದರೆ ನಗಬೇಡ.

ನಿಮ್ಮಿಬ್ಬರ ಕಾಗದಗಳನ್ನು ನಾನು ಓದಿರಲಿಲ್ಲ. ಗಾಡಿಯ ವಿಷಯ ಎಂದು ಬಿಟ್ಟಿದ್ದೆ. ಮೊನ್ನೆ ನಿನ್ನ ಬಾಪ ಊಟಕ್ಕೆ ಕೂತು ಎರಡು ತುತ್ತು ತಿಂದು ಎದ್ದು ಹೋಗಿ ಕೈ ತೊಳೆದರು. ಮತ್ತೆ ತೊಳೆದರು. ಸೋಪು ಮುಗಿಯುವಷ್ಟು ತೊಳೆದರು. ಎಂತ ಆಯಿತೆಂದು ಕೇಳಿದೆ. ಟವೆಲಿನಲ್ಲಿ ಕೈ ಒರೆಸುತ್ತ ಹೊರಗೆ ಹೋದರು. ಆಮೇಲೆ ನಾನೇ ಕಪಾಟಿನಿಂದ ನಿನ್ನ ಕಾಗದಗಳನ್ನು ತೆಗೆದು ಎಲ್ಲವನ್ನೂ ಓದಿದೆ.

ಓದಿ ಅವರ ಹತ್ತಿರ ಜಗಳ ಮಾಡಲಿಲ್ಲ. ಅವರ ಬಟ್ಟಲು, ಲೋಟವನ್ನು ಬೇರೆ ಇಟ್ಟೆ. ಅವರಿಗೆ ಅರ್ಥವಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಹಾಗೆ ಮಾಡಿದ್ದಿಲ್ಲ.

ಮರುದಿನ ಬಿರಿಯಾನಿ ಮಾಡಿ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. ಆ ಹುಡುಗನ ಹೆಂಡತಿ ಖೈರುನ್ನಿಸ ಉಪ್ಪಳದಿಂದ ಬಂದಿದ್ದಾಳೆ, ಹೊಟ್ಟೆ ಮುಂದೆ ಬಂದಿದೆ. ಕುರ್ಚಿಯಲ್ಲೇ ನಿದ್ದೆ ಮಾಡುತ್ತಾಳೆ. ನಾನು ರವೂಫರ ಹೆಂಡತಿ ಎಂದು ಹೇಳಿದೆ. ಅವಳು ಎದ್ದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಒಳ್ಳೆಯದಿತ್ತು. ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟಳು. ಈಗ ರಾತ್ರಿ ಮಲಗಲು ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬರುತ್ತಿದ್ದೇನೆ, ಅರ್ಶದನ ಕೋಣೆಯಲ್ಲಿ. ನಿನ್ನ ಬಾಪ ಅವಳು ಬರುವ ಹೊತ್ತಿಗೆ ಹೊರಗೆ ಹೋಗುತ್ತಾರೆ, ಕೆಳಗೆ ಮಸೀದಿಯ ಹತ್ತಿರ ಕೂರುತ್ತಾರೆ.

ಕಂಪನಿಯವರು ಈಗ ಅವರನ್ನೂ ಕೈಬಿಟ್ಟಿದ್ದಾರೆ. ಡಿಸ್ಪ್ಯಾಚಿನವ ತಾನಾಗಿಯೇ ಫೋನ್ ಮಾಡಿದ, ನಮಗೆ ಗೊತ್ತಿಲ್ಲ ಎಂದು ಹೇಳಿದರಂತೆ. ಗೋಡೆಯಿಂದ ನಿನ್ನ ಫೋಟೋವನ್ನೂ ತೆಗೆದರಂತೆ. ಇವರು ಅದಕ್ಕೆ ಕಂಪನಿಯನ್ನು ಬೈಯುತ್ತಾರೆ. ನಾನು ಹೇಳಿದೆ, ಆ ಹುಡುಗನಿಗೆ ನೀವು ಮಾಡಿದ್ದನ್ನೇ ಅವರು ನಿಮಗೆ ಮಾಡಿದ್ದು ಎಂದು.

ಊಟ ಮಾಡು ಮಗಾ.

ಉಮ್ಮ,
ಆಮಿನ

ಇವತ್ತು ಸಂಜೆ ಇವರು ಆಸ್ಪತ್ರೆಗೆ ಹೋಗಿ ಬಂದರು. ಒಬ್ಬರೇ.


ಇಂಟರ್‌ನ್ಯಾಷನಲ್ ಸಿಟಿ
ಫೆಬ್ರವರಿ 18, 2025

ಬಾಪ,

ನನಗೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಮೊದಲ ದಿನ ಮಂಜು ಬಂತು. ನಿಲ್ಲಿಸಿದೆ. ಅರ್ಧ ಗಂಟೆ ಫೋನನ್ನೇ ನೋಡುತ್ತ ಕೂತಿದ್ದೆ. ಕೊನೆಗೆ ಡಿಸ್ಪ್ಯಾಚಿನಿಂದ ಬಂತು, "ಎಲ್ಲಿದ್ದೀ? ಸರಿ, ಅಲ್ಲೇ ಇರು" ಎಂದರು. ಇಟ್ಟ ಮೇಲೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅತ್ತೆ. ಇಷ್ಟೇ ಇತ್ತಲ್ಲ ನೀವು ಹೇಳಬೇಕಾದದ್ದು.

ನೀವು ಆಸ್ಪತ್ರೆಗೆ ಹೋಗಿದ್ದಿರಿ ಎಂದು ಉಮ್ಮ ಬರೆದಿದ್ದಾಳೆ. ಹೋಗುವುದು ದೊಡ್ಡದಲ್ಲ. ಹಣ್ಣು ಹಿಡಿದುಕೊಂಡು ಎಲ್ಲರೂ ಹೋಗುತ್ತಾರೆ, ಗಾಜಿನ ರೂಮಿನ ಹುಡುಗನೂ ಹೂವಿನ ಬುಟ್ಟಿ ಕಳಿಸಿದ್ದಾನೆ. ಅವನಿಗೆ ಏನು ಹೇಳಿದಿರಿ? ಅದನ್ನು ಬರೆಯಿರಿ.

ಅಸೀಲಾ


ಖಲೀಫಾ ಸಿಟಿ
ಫೆಬ್ರವರಿ 27, 2025

ಅಸೀಲಾ,

ಮೊದಲ ಸಲ ಹೋದಾಗ ಏನೂ ಹೇಳಲಿಲ್ಲ. ಬಾಗಿಲಿನ ತನಕ ಹೋಗಿ ಕಿತ್ತಳೆಯ ಚೀಲವನ್ನು ನರ್ಸಿನ ಕೈಯಲ್ಲಿ ಕೊಟ್ಟು ವಾಪಸು ಬಂದೆ. ನಿನ್ನ ಕಾಗದ ಬಂದ ಮೇಲೆ ನಿನ್ನೆ ಮತ್ತೆ ಹೋದೆ.

ಅನ್ಸಿಫ್ ಸರಳು ಹಿಡಿದು ಹೊಸ ಕಾಲಿನಲ್ಲಿ ನಿಲ್ಲಲು ಕಲಿಯುತ್ತಿದ್ದ. ಬೆವರು ಇಳಿಯುತ್ತಿತ್ತು. ನನ್ನನ್ನು ಕಂಡು "ಬನ್ನಿ ರವೂಫಾಕ" ಎಂದು ಎರಡೂ ಕೈ ಬಿಟ್ಟು ಸಲಾಂ ಹೇಳಲು ಹೋಗಿ ಬೀಳುವುದರಲ್ಲಿದ್ದ. ನಾನು ಹಿಡಿದುಕೊಂಡೆ. ಅವನ ಭಾರ ನನ್ನ ಮೇಲೆ ಬಂತು. ಅವನ ಮೈಯಿಂದ ಒಂದು ಕಾಲಿನ ಭಾರ ಕಡಿಮೆಯಾಗಿದೆಯಲ್ಲ ಎಂದು ಆಗ ಗೊತ್ತಾಯಿತು.

ಕೂರಿಸಿದೆ. ಟ್ಯಾಂಕರಿನ ವಿಷಯ, ಹೊಟೇಲಿನ ವಿಷಯ, ಮೇಲಿನವರ ವಿಷಯ, ಎಲ್ಲ ಬಾಯಿಯ ತನಕ ಬಂತು. ಒಂದೊಂದಾಗಿ ನುಂಗಿದೆ. ಆಮೇಲೆ ಹೇಳಿದೆ:

"ಅನ್ಸಿಫ್, ಆ ದಿನ ಅಸೀಲಾ ಅಲ್ಲೇ ಇದ್ದದ್ದು ನನಗೆ ಗೊತ್ತಿತ್ತು. ಅವಳ ಲೋಡೂ ಅದೇ ಹೊಟೇಲಿಂದು. ನಾನು ಅವಳಿಗೆ ಫೋನ್ ಮಾಡ್ಲಿಲ್ಲ. ನಿನಗೆ ಮಾಡಿದೆ. ಮಂಜು ಎಷ್ಟುಂಟು ಅಂತ ನನಗೆ ಗೊತ್ತಿತ್ತು, ಅದಕ್ಕೇ ಅವಳಿಗೆ ಮಾಡ್ಲಿಲ್ಲ."

ಅವನು ಬಗ್ಗಿ ಹೊಸ ಕಾಲಿನ ಪಟ್ಟಿ ಸಡಿಲಿಸಿದ. "ನನಗೆ ಗೊತ್ತಿತ್ತು" ಎಂದ. "ನೀವು ಹೊರಡು ಅಂದಾಗ ನಾನು ಅವಳ ಫೋನನ್ನೇ ನೋಡ್ತಾ ಇದ್ದೆ ರವೂಫಾಕ. ಅದೂ ರಿಂಗ್ ಆಗ್ತದಾ ಅಂತ."

ಅಷ್ಟೇ ಹೇಳಿದ್ದು. ನಂತರ ಅವನಿಗೆ ಊಟ ಬಂತು. ನಾನು ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋದೆ. ಮೊದಲು ಹೇಳಿದ್ದು ಸುಳ್ಳು, ನನ್ನ ಮಗಳು ಹೇಳಿದ್ದು ನಿಜ ಎಂದೆ. ಟೈರಿಗಾಗಿ ನಾನು ಮೇಲಿನವರಿಗೆ ಬೇಡಿಕೆ ಕಳಿಸಿದ್ದು, ಅವರು ಬೇಡವೆಂದದ್ದು, ನಾನು ಗಾಡಿ ಬಿಟ್ಟದ್ದು ಎಲ್ಲವನ್ನೂ ಹೇಳಿದೆ. ಇನ್ನು ಅನ್ಸಿಫನೊಬ್ಬನ ಮೇಲೆ ಕೇಸು ನಿಲ್ಲುವುದಿಲ್ಲ ಎಂದು ಅಧಿಕಾರಿ ಹೇಳಿದ. ನನ್ನ ಪಾಸ್‌ಪೋರ್ಟು ಅಲ್ಲೇ ಇದೆ. ಕೋರ್ಟಿನಲ್ಲಿ ಏನಾಗುತ್ತದೋ ಗೊತ್ತಿಲ್ಲ. ಅರ್ಶದನಿಗೆ ಹೇಳಿದೆ, ಅವನು "ಓಕೆ ಬಾಪ" ಎಂದ.

ಉಮ್ಮ ನನ್ನ ಬಟ್ಟಲನ್ನು ಇನ್ನೂ ಬೇರೆಯೇ ಇಡುತ್ತಾಳೆ. ಇಡಲಿ.

ನೀನು ಬಾ ಎಂದು ನಾನು ಬರೆಯುವುದಿಲ್ಲ. ಉಮ್ಮನನ್ನು, ಖೈರುನ್ನಿಸಳನ್ನು ನೋಡಲು ಬರುವುದಿದ್ದರೆ ಮೊದಲೇ ತಿಳಿಸು. ನಾನು ಕೆಳಗೆ ಹೋಗಿ ಕೂತಿರುತ್ತೇನೆ. ನೀನು ಗಾಡಿ ನಿಲ್ಲಿಸುವಾಗ ದೂರದಿಂದ ನೋಡಲು ಅಡ್ಡಿಯಿಲ್ಲ ಎಂದು ಅನ್ನಿಸಿದರೆ ಅದನ್ನೂ ತಿಳಿಸು.

ಇಷ್ಟು,
ಅಬ್ದುಲ್ ರವೂಫ್